ಡಿ ಡ್ರೈವಿನ ಮೇಲಿನ ನಂಬಿಕೆ

ಉಡುಪಿ ಜಿಲ್ಲೆಯ ಎಲ್ಲೂರು, ಕಾಪು, ಪಡುಬಿದ್ರಿ ಕಡೆಯ ಅಂಗಡಿಗಳಲ್ಲಿ "ಲೆಕ್ಕಕ್ಕೆ ಬ್ಯಾಕಪ್ ಉಂಟಾ?" ಎಂದು ಕೇಳಿದರೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: "ಡಿ ಡ್ರೈವಿನಲ್ಲಿ ಉಂಟು ಮಾರಾಯ್ರೆ." ಇದು ಸುಳ್ಳಲ್ಲ. ವಿಂಡೋಸ್ ಕೆಟ್ಟು, ರಿಪೇರಿಯವರು ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದಾಗ ಡಿಯಲ್ಲಿದ್ದದ್ದು ಉಳಿದುಕೊಂಡಿರುತ್ತದೆ. ಒಮ್ಮೆ ಉಳಿದದ್ದು ಯಾವಾಗಲೂ ಉಳಿಯುತ್ತದೆ ಎಂಬ ನಂಬಿಕೆ ಹುಟ್ಟುವುದು ಹೀಗೆ. ಆದರೆ ಹೆಚ್ಚಿನ ಅಂಗಡಿ ಕಂಪ್ಯೂಟರುಗಳಲ್ಲಿ ಸಿ ಮತ್ತು ಡಿ ಎಂಬವು ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕ್ ಸತ್ತರೆ ಎರಡೂ ಸಾಯುತ್ತವೆ, ಯಂತ್ರ ಕಳವಾದರೆ ಎರಡೂ ಹೋಗುತ್ತವೆ. ಅದಲ್ಲದೆ ಲೆಕ್ಕದ ತಂತ್ರಾಂಶವಾದ ಟ್ಯಾಲಿ ಪ್ರೈಮ್ ತಾನಾಗಿ ಲೆಕ್ಕ ಇಡುವುದು ಸಿ ಡ್ರೈವಿನಲ್ಲಿ. ಹಾಕಿಕೊಟ್ಟವರು ಜಾಗ ಬದಲಿಸದಿದ್ದರೆ ಡಿಯಲ್ಲಿರುವುದು ಯಾವಾಗಲೋ ನಕಲು ಮಾಡಿಟ್ಟ ಹಳೆಯ ಫೋಲ್ಡರ್ ಅಷ್ಟೇ.

ಕರಾವಳಿಯಲ್ಲಿ ಕಂಪ್ಯೂಟರ್ ಕೆಡಲು ಕಾರಣ ಹುಡುಕಬೇಕಿಲ್ಲ. ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ 1200 ಮೆಗಾವ್ಯಾಟಿನದ್ದು. ಆದರೂ ಗಾಳಿಮಳೆಗೆ ಮೆಸ್ಕಾಂ ತಂತಿಯ ಮೇಲೆ ಮರ ಬಿದ್ದರೆ ಸ್ಥಾವರದ ಪಕ್ಕದ ಅಂಗಡಿಗೂ ಕರೆಂಟಿಲ್ಲ. ಬಿಲ್ ಹಾಕುತ್ತಿರುವಾಗಲೇ ಕರೆಂಟು ಹೋದರೆ ಲೆಕ್ಕದ ಫೈಲು ಅರ್ಧಕ್ಕೆ ನಿಂತು ಹಾಳಾಗಬಹುದು. ಮಳೆಗಾಲದ ಹಿಂದು ಮುಂದಿನ ಸಿಡಿಲು ಕರೆಂಟಿನ ತಂತಿಯಲ್ಲಿ ಮಾತ್ರ ಬರುವುದಿಲ್ಲ. ಪ್ಲಗ್ ಕಿತ್ತಿಟ್ಟಿದ್ದರೂ ಇಂಟರ್ನೆಟ್ಟಿನ ತಾಮ್ರದ ತಂತಿಯಿಂದ ಒಳಗೆ ನುಗ್ಗಿ ಬೋರ್ಡು ಸುಡುವುದುಂಟು. ಆಟಿ ತಿಂಗಳ ಮಳೆಯ ತೇವಕ್ಕೆ ರ್‍ಯಾಮಿನ ಅಂಚು ಮಂಕಾದರೆ ಅದನ್ನು ಕಿತ್ತು, ಪೆನ್ಸಿಲ್ ಅಳಿಸುವ ರಬ್ಬರಿನಲ್ಲಿ ಉಜ್ಜಿ ಕೂರಿಸುವುದು ನಮ್ಮ ರಿಪೇರಿಯವರ ಮೊದಲ ಮದ್ದು. 2020ರ ಸೆಪ್ಟೆಂಬರ್ 20ರಂದು ಉಡುಪಿ ನಗರಕ್ಕೇ ನೆರೆ ನುಗ್ಗಿತ್ತು. ಅಂಥ ದಿನ ಮೇಜಿನ ಕೆಳಗಿನ ಸಿಪಿಯು ಮೊದಲು ಮುಳುಗುತ್ತದೆ. ಇವುಗಳ ಜೊತೆಗೆ ನಾವೇ ಕರೆದು ತರುವ ಅಪಾಯವೊಂದಿದೆ: ದುಡ್ಡು ಉಳಿಸಲು ಹಾಕಿಸಿಕೊಂಡ ಕ್ರ್ಯಾಕ್ ತಂತ್ರಾಂಶ. ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ್‍ಯಾನ್‌ಸಮ್‌ವೇರ್ ಸಣ್ಣ ವ್ಯಾಪಾರಿಯನ್ನು ತಲುಪುವ ಮುಖ್ಯ ದಾರಿಗಳಲ್ಲಿ ಅದೂ ಒಂದು. ಅದಕ್ಕೆ ಸಿ, ಡಿ ಎಂಬ ಭೇದವಿಲ್ಲ. ಚುಚ್ಚಿಕೊಂಡೇ ಇರುವ ಪೆನ್ ಡ್ರೈವನ್ನೂ ಬಿಡುವುದಿಲ್ಲ.

ಹಾಗಾದರೆ ನಮ್ಮ ರೂಢಿಗಳಲ್ಲಿ ಯಾವುದಕ್ಕೆ ಬೆಲೆ ಕೊಡಬಹುದು? ಅಳತೆಗೋಲು ಸರಳ: ಇಂದು ರಾತ್ರಿ ಯಂತ್ರ ಹೋದರೆ ನಾಳಿದ್ದು ಬಿಲ್ ಹಾಕಲು, ಬಾಕಿ ಕೇಳಲು ಸಾಧ್ಯವೇ? ಈ ಅಳತೆಗೆ ಡಿ ಡ್ರೈವ್ ನಿಲ್ಲುವುದಿಲ್ಲ. ಪೆನ್ ಡ್ರೈವ್ ನಿಲ್ಲಬಹುದು, ಆದರೆ ಅಂಥವು ಎರಡಿದ್ದು, ಒಂದು ಅಂಗಡಿಯಲ್ಲಿದ್ದಾಗ ಇನ್ನೊಂದು ಮನೆಯಲ್ಲಿದ್ದರೆ ಮಾತ್ರ. ಟ್ಯಾಲಿಯ ಫೋಲ್ಡರನ್ನೇ ಗೂಗಲ್ ಡ್ರೈವಿಗೆ ಜೋಡಿಸಿ ನಿಶ್ಚಿಂತರಾಗುವುದು ಹೊಸ ರೂಢಿ. ಇದು ಮೇಲ್ನೋಟಕ್ಕೆ ಜಾಣತನ. ಆದರೆ ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಇಲ್ಲಿ ಕೆಟ್ಟದ್ದು ಅಲ್ಲಿಗೂ ಹೋಗಿ ಕೂರುತ್ತದೆ. ದಿನದ ಕೊನೆಗೆ ಟ್ಯಾಲಿಯನ್ನು ಮುಚ್ಚಿ, ಬ್ಯಾಕಪ್ ತೆಗೆದು, ಆ ದಿನದ ಹೆಸರಿಟ್ಟು ಮೇಲೆ ಕಳಿಸಿದರೆ ಅದೇ ಗೂಗಲ್ ಡ್ರೈವ್ ಉಪಯೋಗಕ್ಕೆ ಬರುತ್ತದೆ. ಎಷ್ಟೋ ಅಂಗಡಿಗಳನ್ನು ನಿಜವಾಗಿ ಕಾಯುತ್ತಿರುವುದು ರಿಟರ್ನ್ ಸಲ್ಲಿಸಲು ಆಡಿಟರ ಕಚೇರಿಗೆ ಕಳಿಸಿದ ಪ್ರತಿ. ಯಾರೂ ಬ್ಯಾಕಪ್ ಎಂದು ಕರೆಯದ ಬ್ಯಾಕಪ್ ಅದು. ಕೊರತೆಯೆಂದರೆ ಎಷ್ಟೋ ಸಲ ಅದು ತಿಂಗಳುಗಟ್ಟಲೆ ಹಳತಾಗಿರುತ್ತದೆ.

"ಹೋದರೆ ಹೋಗಲಿ, ಜಿಎಸ್‌ಟಿ ಪೋರ್ಟಲಿನಲ್ಲಿ ಎಲ್ಲ ಉಂಟಲ್ಲ" ಎನ್ನುವವರಿದ್ದಾರೆ. ಅರ್ಧ ನಿಜ. ನೋಂದಾಯಿತ ವ್ಯಾಪಾರಿಗಳಿಗೆ ಮಾಡಿದ ಮಾರಾಟ, ಅವರಿಂದ ಮಾಡಿದ ಖರೀದಿಯ ವಿವರ ಅಲ್ಲಿ ಸಿಗುತ್ತದೆ. ದುಡ್ಡಿನ ಓಡಾಟ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಸಿಗುತ್ತದೆ. ಯಾರ ಮನೆಯ ಮದುವೆಗೆ ಎಷ್ಟು ಸಾಮಾನು ಉದ್ರಿ ಹೋಯಿತು, ಅದರಲ್ಲಿ ಎಷ್ಟು ಬಂತು ಎಂಬುದು ಯಾವ ಪೋರ್ಟಲಿನಲ್ಲೂ ಇಲ್ಲ. ಸರಕಾರಕ್ಕೆ ಬೇಕಾದದ್ದು ಮರಳಿ ಬರುತ್ತದೆ, ಅಂಗಡಿಗೆ ಬೇಕಾದದ್ದು ಬರುವುದಿಲ್ಲ. ಕಾನೂನು ಕೂಡ ಪೋರ್ಟಲನ್ನು ನಂಬಿ ಕೂರಲು ಬಿಟ್ಟಿಲ್ಲ. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಲೆಕ್ಕ ಇಟ್ಟುಕೊಳ್ಳಬೇಕು. 2017ರ ಜಿಎಸ್‌ಟಿ ನಿಯಮಗಳಲ್ಲಿ 57ನೆಯದು, ಅವಘಡವಾದರೂ ಮರಳಿ ಪಡೆಯುವಂತೆ ಬ್ಯಾಕಪ್ ಇರಬೇಕೆನ್ನುತ್ತದೆ. ನಕಲು ಇದ್ದರೆ ಸಾಲದು, ಅದು ತೆರೆದುಕೊಳ್ಳಬೇಕು. ನಮ್ಮ ರೂಢಿಗಳು ಸೋಲುವುದು ಇಲ್ಲೇ.

ಈ ವಿವೇಕಕ್ಕಾಗಿ ಉಡುಪಿಯವರು ದೂರ ಹೋಗಬೇಕಿಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಇಲ್ಲಿನ ಬ್ಯಾಂಕು 1928ರಲ್ಲಿ ಆರಂಭಿಸಿದ ಪಿಗ್ಮಿ ಉಳಿತಾಯ ಯೋಜನೆಯಲ್ಲಿ ಏಜೆಂಟರು ದಿನಾಲೂ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆಯುತ್ತಿದ್ದರು. ಒಂದು ಬರಹ ಬ್ಯಾಂಕಿನಲ್ಲಿ, ಇನ್ನೊಂದು ಗ್ರಾಹಕನ ಕೈಯಲ್ಲಿ. ಬ್ಯಾಕಪ್ಪಿಗೆ ಬೇಕಾದ ಮೂರೂ ಗುಣ ಇಲ್ಲಿವೆ: ಪ್ರತಿದಿನ ಸ್ವಲ್ಪ, ಎರಡು ಜಾಗ, ಎರಡನ್ನೂ ತಾಳೆ ನೋಡುವ ಕಣ್ಣು. ನಮ್ಮ ಪೆನ್ ಡ್ರೈವಿಗೆ ಮೂರನೆಯದಿಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ ಸೂತ್ರವನ್ನು ಹೆಸರುವಾಸಿ ಮಾಡಿದ ಪೀಟರ್ ಕ್ರೋಗ್ ಒಬ್ಬ ಛಾಯಾಗ್ರಾಹಕ. ಮದುವೆಯ ಫೋಟೋ ತೆಗೆಯುವ ನಮ್ಮ ಸ್ಟುಡಿಯೋದವರಿಗೆ ಅದರ ಅರ್ಥ ಬೇಗ ಆಗುತ್ತದೆ. ಲೆಕ್ಕವನ್ನು ಕಷ್ಟಪಟ್ಟಾದರೂ ಮತ್ತೆ ಬರೆಯಬಹುದು, ಧಾರೆಯನ್ನು ಮತ್ತೆ ಎರೆಸಲಾಗುವುದಿಲ್ಲ.

ಯಂತ್ರಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹೆಚ್ಚಿನ ಅಂಗಡಿಗಳಲ್ಲಿ ಬ್ಯಾಕಪ್ ತೆಗೆಯಲು ಗೊತ್ತಿರುವುದು ಒಬ್ಬರಿಗೆ ಮಾತ್ರ. ಆ ಹುಡುಗ ಬೆಂಗಳೂರಿಗೋ ದುಬಾಯಿಗೋ ಹೋದರೆ ಪಾಸ್‌ವರ್ಡೂ ಹೋಯಿತು. ಲೆಕ್ಕಕ್ಕೆ ಬೀಗ ಹಾಕುವ ಟ್ಯಾಲಿ ವಾಲ್ಟಿನ ಪಾಸ್‌ವರ್ಡ್ ಮರೆತರೆ ಫೈಲು ಕೈಯಲ್ಲೇ ಇದ್ದರೂ ಲೆಕ್ಕ ಸಿಗುವುದಿಲ್ಲ. ಆದ್ದರಿಂದ ತಿಂಗಳಿಗೊಮ್ಮೆ ಬ್ಯಾಕಪ್ಪಿನ ಪ್ರತಿಯನ್ನು ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದು ನಗದು, ಬಾಕಿ, ದಾಸ್ತಾನನ್ನು ಅಂಗಡಿಯದಕ್ಕೆ ತಾಳೆ ನೋಡಬೇಕು. ಆ ಕೆಲಸವನ್ನು ದಿನಾ ಬಿಲ್ ಹಾಕುವವರಲ್ಲ, ಮಾಲೀಕರೇ ಮಾಡಬೇಕು. ಜಗತ್ತು ಬ್ಯಾಕಪ್ ದಿನವೆಂದು ಆಚರಿಸುವ ಮಾರ್ಚ್ 31 ನಮ್ಮಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯ ದಿನ, ಅಂದು ಈ ಕೆಲಸ ಆಗದ ಮಾತು. ತಾಳೆಯಾದರೆ ಆ ಪ್ರತಿಯನ್ನು ಬ್ಯಾಕಪ್ ಎನ್ನಬಹುದು. ಅಲ್ಲಿಯವರೆಗೆ ಅದು ಬರಿಯ ಫೈಲು.