ಸಂಪ್ರದಾಯಪರ ಅರ್ಥನೀತಿಯೂ ಕೃಷ್ಣಾತೀರದ ಕೂಲಿಕಾರರೂ

ಯೋಜನಾಬದ್ಧ ಅರ್ಥವ್ಯವಸ್ಥೆಯನ್ನು ಸಂಪ್ರದಾಯಪರ ದೃಷ್ಟಿಯಿಂದ ವಿಮರ್ಶಿಸಿದ ಎರಡು ವಿಚಾರಧಾರೆಗಳನ್ನು ಇಲ್ಲಿ ಪರಿಶೀಲಿಸುತ್ತೇವೆ. 1959ರಲ್ಲಿ ಸ್ವತಂತ್ರ ಪಕ್ಷವನ್ನು ಕಟ್ಟಿದ ರಾಜಾಜಿಯವರು ಪರ್ಮಿಟ್ಟು ಲೈಸೆನ್ಸುಗಳ ಆಡಳಿತವನ್ನೂ ಸಹಕಾರಿ ಸಾಮೂಹಿಕ ಬೇಸಾಯವನ್ನೂ ವಿರೋಧಿಸಿ ರೈತನ ಆಸ್ತಿಹಕ್ಕನ್ನು ಎತ್ತಿಹಿಡಿದರು. 1955ರಲ್ಲಿ ಭಾರತೀಯ ಮಜ್ದೂರ್ ಸಂಘವನ್ನು ಸ್ಥಾಪಿಸಿದ ದತ್ತೋಪಂತ ಠೇಂಗಡಿಯವರಾದರೋ ವರ್ಗಸಂಘರ್ಷವನ್ನು ಅಲ್ಲಗಳೆದು, ಉದ್ಯಮವೂ ಶ್ರಮವೂ ರಾಷ್ಟ್ರಹಿತಕ್ಕೆ ಅಧೀನವೆಂದರು. ಇವೆರಡನ್ನೂ ಒಂದೇ ಎಣಿಕೆಯಲ್ಲಿ ಸೇರಿಸುವ ವಾಡಿಕೆ ಸರಿಯಲ್ಲ.

ಹಳೆಯ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿ ಇವುಗಳ ವಿರೋಧ ಸ್ಪಷ್ಟವಾಗುತ್ತದೆ. 1964ರಲ್ಲಿ ಆಲಮಟ್ಟಿಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದಿತು. ಬಹುಕಾಲದ ಮೇಲೆ ಕೂಡಗಿಯಲ್ಲಿ 2400 ಮೆಗಾವಾಟಿನ ವಿದ್ಯುತ್ ಸ್ಥಾವರ ಬಂದಿತು. ಮೊದಲನೆಯ ವಾದದಂತೆ ಹೊಲ ಒಕ್ಕಲಿಗನದು; ಎರಡನೆಯದರಂತೆ ರಾಷ್ಟ್ರದ ಕಾರ್ಯವೇ ಮೇಲು. ಆ ಹೊಲದಲ್ಲಿ ಜೋಳ ಕೊಯ್ದ ಕೂಲಿಯವಳು ಎರಡರ ಕಣ್ಣಿಗೂ ಬೀಳುವುದಿಲ್ಲ. ಆಕೆಗೆ ಆಸ್ತಿಯಿಲ್ಲ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಂದ ಗುಳೆ ಹೋಗುವವರಿಗೆ ಠೇಂಗಡಿಯವರು ಹೇಳುವ ಉದ್ಯಮಕುಟುಂಬವೂ ಇಲ್ಲ. ಬಾಗೇವಾಡಿಯ ಬಸವಣ್ಣನವರ ಕಾಯಕವನ್ನು ಸಾಮರಸ್ಯಕ್ಕೆ ಸಾಕ್ಷಿ ಕರೆಯುವವರು ದಾಸೋಹವನ್ನು ಮರೆಯುತ್ತಾರೆ, ಅನುಕೂಲವಾದ ಮರೆವು!

1894ರ ಭೂಸ್ವಾಧೀನ ಕಾಯಿದೆಯ ಪರಿಹಾರ ನೆಲದಲ್ಲಿ ಹಕ್ಕುಳ್ಳವರಿಗೆ ಮಾತ್ರ ಸಲ್ಲುತ್ತಿತ್ತು. ಕೃಷಿಕೂಲಿಗಳನ್ನು ಬಾಧಿತ ಕುಟುಂಬಗಳೊಳಗೆ ಎಣಿಸಿದ್ದು 2013ರ ಕಾಯಿದೆ. ಅಷ್ಟರಲ್ಲಿ ಆಲಮಟ್ಟಿಯ ಹಿನ್ನೀರು ಹೊಲಗಳನ್ನು ಆವರಿಸಿ ವರ್ಷಗಳೇ ಸಂದಿದ್ದವು.