ಎಂಜಿನ್ ತಿರುಗಿಸಿ ಇಟ್ಟವರು

ಹೋಂಡಾದ ಎರಡನೇ ಎನ್‌ಎಸ್‌ಎಕ್ಸ್ ಅಂದ್ರೆ ಕಾರು ಹುಚ್ಚಿನ ಗೆಳೆಯರು ಒಂದೇ ಮಾತಲ್ಲಿ ಮುಗಿಸ್ತಾರೆ: "ತುಂಬಾ ಲೇಟ್ ಮಾಡಿದ್ರು ಗುರು." ಮಾಡಿದ್ದು ನಿಜ. ಕಾನ್ಸೆಪ್ಟ್ ಕಾರನ್ನು ಡೆಟ್ರಾಯಿಟ್ ಮೇಳದಲ್ಲಿ ತೋರಿಸಿದ್ದು 2012ರ ಜನವರಿಯಲ್ಲಿ, ಅಮೆರಿಕದ ಒಹಾಯೊ ರಾಜ್ಯದ ಮೇರಿಸ್‌ವಿಲ್‌ನಲ್ಲಿ ಅದರ ತಯಾರಿಕೆ ಶುರುವಾಗಿದ್ದು 2016ರಲ್ಲಿ. ಆದರೆ ಆ ನಾಲ್ಕು ವರ್ಷದ ಬಗ್ಗೆ ನನಗೆ ದೂರಿಲ್ಲ. ನನ್ನ ತಕರಾರು ಬೇರೆ. (ಈ ಕಾರನ್ನು ನಾನು ಓಡಿಸಿಲ್ಲ, ಓಡಿಸೋ ಸಾಧ್ಯತೆಯೂ ಕಾಣ್ತಿಲ್ಲ.)

ಮೊದಲು ತೋರಿಸಿದ ಕಾರಿನಲ್ಲಿ ಸೀಟಿನ ಹಿಂದೆ ಟರ್ಬೊ ಇಲ್ಲದ ವಿ6 ಎಂಜಿನ್ ಅಡ್ಡಡ್ಡ ಕೂತಿತ್ತು. ಅರ್ಧ ದಾರಿಯಲ್ಲಿ, ಟೆಡ್ ಕ್ಲಾಸ್ ಮುಂದಾಳತ್ವದ ತಂಡಕ್ಕೆ ಇದು ಸಾಲದು ಅಂತ ಗೊತ್ತಾಯ್ತು. ಎರಡು ಟರ್ಬೊ ಇರುವ 3.5 ಲೀಟರಿನ ಹೊಸ ಎಂಜಿನ್ ಮಾಡಿ, ಅದನ್ನು ಉದ್ದಕ್ಕೆ ತಿರುಗಿಸಿ ಇಟ್ಟರು. ಗೋಡೆಗೆ ಸುಣ್ಣ ಹೊಡೆಯೋ ಹೊತ್ತಲ್ಲಿ ತಳಪಾಯ ಕಿತ್ತ ಹಾಗೆ! ಟರ್ಬೊ ಬಂತು ಅಂದ್ರೆ ಬಿಸಿ ಬಂತು. ತಣಿಸೋಕೆ ರೇಡಿಯೇಟರ್ ಥರದ 10 ಘಟಕಗಳು ಬೇಕಾದವು. ಬಾಡಿ ಉದ್ದ ಆಯ್ತು, ಅಗಲವೂ ಆಯ್ತು, ಆದರೂ ಜನ ಆಗಲೇ ಮೆಚ್ಚಿದ್ದ ರೂಪ ಕೆಡಬಾರದು. 2014ರಲ್ಲಿ ಜರ್ಮನಿಯ ನರ್ಬರ್ಗ್‌ರಿಂಗ್‌ನಲ್ಲಿ ಪರೀಕ್ಷೆಯ ಕಾರೊಂದು ಸುಟ್ಟೇ ಹೋಯ್ತು.

ಒಮ್ಮೆ ನಮ್ಮ ಪ್ರಾಜೆಕ್ಟಲ್ಲಿ ಡೆಮೊ ಆದ ಮೇಲೆ ಡೇಟಾಬೇಸ್ ವಿನ್ಯಾಸವೇ ತಪ್ಪು ಅಂತ ಗೊತ್ತಾಗಿತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅದಕ್ಕೇ ಎಂಜಿನ್ ತಿರುಗಿಸಿದವರ ಮೇಲೆ ನನಗೆ ಗೌರವ.

ಇನ್ನೊಂದು ಕೆಲಸ ಅದಕ್ಕಿಂತ ಚೆಂದ. ಈ ಕಾರಿಗೆ ಮೂರು ವಿದ್ಯುತ್ ಮೋಟಾರು: ಒಂದು ಎಂಜಿನ್ ಜೊತೆ, ಇನ್ನೆರಡು ಮುಂದಿನ ಚಕ್ರಕ್ಕೆ ಒಂದೊಂದು. ತಿರುವಿನಲ್ಲಿ ಹೊರಗಿನ ಚಕ್ರವನ್ನು ಒಂದು ಮೋಟಾರು ದಬ್ಬುತ್ತೆ, ಒಳಗಿನದನ್ನು ಇನ್ನೊಂದು ತಡೆಯುತ್ತೆ. ಗಾಡಿ ಹೊಡೆದವರಿಗೆ ಇದು ಹೊಸದಲ್ಲ. ಎಡಕ್ಕೆ ತಿರುಗಬೇಕಾದ್ರೆ ಅಪ್ಪ ಎಡದ ಎತ್ತಿನ ಹಗ್ಗ ಜಗ್ಗಿ, ಬಲದ್ದಕ್ಕೆ "ಹೋ" ಅಂತಿದ್ರು. ಇಲ್ಲಿ ಆ ಹಗ್ಗ ಹಿಡಿದಿರೋದು ಸಾಫ್ಟ್‌ವೇರ್. ಹಿಡಿದಿದೆ ಅಂತ ಡ್ರೈವರಿಗೆ ಗೊತ್ತೇ ಆಗದಷ್ಟು ನಯವಾಗಿ ಹಿಡಿದಿದೆ ಅಂತ ಓಡಿಸಿದವರು ಬರೆದಿದ್ದಾರೆ.

ಇಷ್ಟೆಲ್ಲ ಮಾಡಿ, ಸುಮಾರು 1,56,000 ಡಾಲರಿನ ಕಾರಿನ ನಡುಮಧ್ಯೆ ಏನಿಟ್ರು? ಸಿವಿಕ್‌ನಲ್ಲಿದ್ದಂಥದ್ದೇ ಟಚ್‌ಸ್ಕ್ರೀನ್. ಹಾಡಿನ ಸದ್ದು ತಗ್ಗಿಸೋಕೆ ಒಂದು ತಿರುಗುಣಿಯೂ ಇಲ್ಲ, ಗಾಜಿನ ಮೇಲೆ ಬೆರಳು ಸವರಬೇಕು. 1990ರ ಮೊದಲ ಎನ್‌ಎಸ್‌ಎಕ್ಸ್ ಹೆಸರು ಮಾಡಿದ್ದೇ ಕೂತವನ ಕಣ್ಣು, ಕೈಗೆ ಬೇಕಾದ್ದನ್ನು ಮೊದಲು ಯೋಚಿಸಿದ್ದಕ್ಕೆ. ಹೊಸದು ಅದಕ್ಕಿಂತ ಸುಮಾರು 350 ಕೆಜಿ ಭಾರ. ಮೋಟಾರು, ಬ್ಯಾಟರಿ ಇದ್ದ ಮೇಲೆ ಆ ಭಾರ ಒಪ್ಪಬಹುದು. ಸ್ಕ್ರೀನ್ ಒಪ್ಪೋಕಾಗಲ್ಲ. ಕಾಣದ ಕಡೆ ಅಷ್ಟು ಒಳ್ಳೆಯ ಕೋಡ್, ಕೈ ಮುಟ್ಟುವ ಕಡೆ ಇದು. ಎರಡೂ ನಮ್ಮ ಕಸುಬಿನವರ ಕೆಲಸವೇ. ಎಂಜಿನ್ ಬಗ್ಗೆ "ಇದು ಸಾಲದು" ಅಂದ ಆ ತಂಡದಲ್ಲಿ ಸ್ಕ್ರೀನ್ ನೋಡಿ ಅದೇ ಮಾತನ್ನು ಗಟ್ಟಿಯಾಗಿ ಹೇಳಿದವರು ಇರಲಿಲ್ಲವೇ?

2022ರಲ್ಲಿ ಟೈಪ್ ಎಸ್ ಅಂತ 600 ಅಶ್ವಶಕ್ತಿಯ 350 ಕಾರು ಮಾಡಿ ತಯಾರಿಕೆ ನಿಲ್ಲಿಸಿದರು. ಎಲ್ಲ ಸೇರಿ ಮೂರು ಸಾವಿರವೂ ಆಗಲಿಲ್ಲ.