ಮಾರಿದ ಇಂಗ್ಲಿಷು, ಮನೆಯ ಇಂಗ್ಲಿಷು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಬಿ.ಎಸ್ಸಿ. ಮುಗಿಸಿ, ಪರೀಕ್ಷೆ ಕಟ್ಟಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಮುಂಬಯಿಗೆ ಬಂದವನು. ಜೇಮ್ಸ್ ಜಾಯ್ಸ್‌ನಂಥ ಲೇಖಕನನ್ನು ಕುರಿತು ಬರೆಯುವ ಅಧಿಕಾರ ನಿನಗೆಲ್ಲಿಯದು ಎಂದು ಪ್ರಾಧ್ಯಾಪಕ ಮಿತ್ರರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಜಾಯ್ಸ್ ಕೂಡ ಒಂದು ಕಾಲಕ್ಕೆ ಗುಮಾಸ್ತನಾಗಿದ್ದ ಎಂಬ ಧೈರ್ಯ ಮಾತ್ರ ಇದೆ. ಆ ಧೈರ್ಯದಿಂದಲೇ ಈ ನಾಲ್ಕು ಮಾತು.

ಕಥೆ ಬಹುಮಂದಿಗೆ ಗೊತ್ತಿರುವುದೇ. 1904ರ ಜೂನ್ ತಿಂಗಳಲ್ಲಿ ಡಬ್ಲಿನ್ನಿನಲ್ಲಿ ಜಾಯ್ಸ್‌ಗೆ ನೋರಾ ಬಾರ್ನಕಲ್ ಎಂಬ ಹುಡುಗಿಯ ಪರಿಚಯವಾಯಿತು. ಅವಳು ಐರ್ಲೆಂಡಿನ ಪಶ್ಚಿಮದ ಗಾಲ್ವೇ ಊರಿನವಳು. ಡಬ್ಲಿನ್ನಿನ ಹೋಟೆಲೊಂದರಲ್ಲಿ ಕೋಣೆಗಳನ್ನು ಓರಣ ಮಾಡುವ ಕೆಲಸದಲ್ಲಿದ್ದಳು. ಅವನಿಗೆ 22, ಅವಳಿಗೆ 20. ಅದೇ ಅಕ್ಟೋಬರ್ 8ರಂದು, ಮದುವೆಯ ಮಾತೇ ಇಲ್ಲದೆ, ಇಬ್ಬರೂ ದೇಶ ಬಿಟ್ಟರು. ಜ್ಯೂರಿಕ್‌ನ ಬರ್ಲಿಟ್ಸ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಕೆಲಸವಿದೆಯೆಂದು ನಂಬಿ ಹೋದರೆ ಅಲ್ಲಿ ಜಾಗ ಖಾಲಿಯಿರಲಿಲ್ಲ. ಟ್ರಿಯೆಸ್ಟ್‌ಗೆ ಹೋದರು, ಅಲ್ಲಿಯೂ ಅದೇ ಉತ್ತರ. ಕೊನೆಗೆ ಕೆಲಸ ಸಿಕ್ಕಿದ್ದು ಪೋಲಾ ಎಂಬ ಊರಿನಲ್ಲಿ. ಇಂದು ಕ್ರೊವೇಷಿಯಾದಲ್ಲಿರುವ ಈ ಊರು ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ನೌಕಾನೆಲೆ. ವಿದ್ಯಾರ್ಥಿಗಳೆಂದರೆ ನೌಕಾದಳದ ಅಧಿಕಾರಿಗಳು. ವಾರಕ್ಕೆ 16 ಗಂಟೆ ಪಾಠ, 2 ಪೌಂಡ್ ಸಂಬಳ.

1905ರ ಮಾರ್ಚ್‌ನಲ್ಲಿ ದಂಪತಿಗಳು ಟ್ರಿಯೆಸ್ಟ್‌ಗೆ ಬಂದರು. (ದಂಪತಿಗಳು ಎಂದೇ ಕರೆಯುತ್ತೇನೆ; ಕಾಯಿದೆಯ ಪ್ರಕಾರ ಅವರ ಮದುವೆ ಆದದ್ದು 1931ರಲ್ಲಿ.) ನಡುವೆ ರೋಮ್ ನಗರದ ಬ್ಯಾಂಕೊಂದರಲ್ಲಿ ಸುಮಾರು ಏಳು ತಿಂಗಳು ಪತ್ರವ್ಯವಹಾರದ ಗುಮಾಸ್ತಗಿರಿ ನಡೆಯಿತು. ಅದನ್ನು ಬಿಟ್ಟರೆ 1915ರವರೆಗೆ ಟ್ರಿಯೆಸ್ಟೇ ಮನೆ, ಇಂಗ್ಲಿಷ್ ಪಾಠವೇ ಅನ್ನ. 1905ರ ಜುಲೈಯಲ್ಲಿ ಮಗ ಜಾರ್ಜಿಯೋ ಹುಟ್ಟಿದ. 1907ರ ಜುಲೈಯಲ್ಲಿ ಮಗಳು ಲೂಸಿಯಾ ಹುಟ್ಟಿದ್ದು ಆಸ್ಪತ್ರೆಯ ಬಡವರ ವಾರ್ಡಿನಲ್ಲಿ.

ಈ ಹತ್ತು ವರ್ಷಗಳ ಪ್ರಸ್ತಾಪ ಬಂದಾಗಲೆಲ್ಲ 'ಹೊಟ್ಟೆಪಾಡಿಗಾಗಿ ವ್ಯರ್ಥವಾದ ಕಾಲ' ಎಂದು ಮರುಗುವುದು ವಾಡಿಕೆಯಾಗಿದೆ. ಮಹಾಪ್ರತಿಭೆಯೊಂದು ವರ್ತಕರಿಗೂ ಸೈನಿಕರಿಗೂ 'ಇದು ಪೆನ್ಸಿಲು, ಅದು ಕಿಟಕಿ' ಎಂದು ಹೇಳಿಕೊಡುತ್ತ ಸವೆಯಿತಲ್ಲ ಎಂಬ ಮರುಕ ಅದು. ನಾನೂ ಹಾಗೆಯೇ ಭಾವಿಸಿದ್ದೆ. ಸುಳ್ಳೇಕೆ ಹೇಳಲಿ, ಅವನ ಹೆಸರಿನಲ್ಲಿ ನನಗಾಗಿಯೇ ಮರುಗುತ್ತಿದ್ದೆ. ಕಚೇರಿಯ ಕಡತಗಳಿಲ್ಲದಿದ್ದರೆ ನಾನೂ ಎಷ್ಟೋ ಬರೆಯುತ್ತಿದ್ದೆ ಎಂಬ ಭ್ರಮೆ ನನ್ನಂಥವರಿಗೆಲ್ಲ ಒಂದು ಸುಖ.

ಒಂದು ಭಾನುವಾರ ಈ ಮಾತನ್ನೇ ನನ್ನಾಕೆಯ ಎದುರು ಬಹಳ ಉತ್ಸಾಹದಿಂದ ಹೇಳುತ್ತಿದ್ದೆ. ಆಕೆ ತೀರ್ಥಹಳ್ಳಿ ಕಡೆಯವಳು. ಅವರೆಕಾಳು ಬಿಡಿಸುತ್ತಿದ್ದವಳು ತಲೆಯೆತ್ತದೆ ಕೇಳಿದಳು: "ಅದೆಲ್ಲ ಸರಿ ಕಣ್ರೀ, ಅವನು ಪಾಠಕ್ಕೆ ಹೋದಮೇಲೆ ಆ ಹೆಂಗಸು ಯಾರ ಹತ್ತಿರ ಮಾತಾಡ್ತಿದ್ದಳು?"

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಪೋಲಾದ ಬಾಡಿಗೆ ಕೋಣೆಗೆ ಕಾಲಿಟ್ಟಾಗ ನೋರಾಗೆ ಇಟಾಲಿಯನ್ ಬರುತ್ತಿರಲಿಲ್ಲ. ಆ ಊರಿನಲ್ಲಿ ದುಡ್ಡು ಕೊಟ್ಟವರಿಗೆಲ್ಲ ಗಂಡ ಗಂಟೆಗಟ್ಟಲೆ ಇಂಗ್ಲಿಷ್ ಆಡುತ್ತಿದ್ದ. ಬರ್ಲಿಟ್ಸ್ ಪದ್ಧತಿಯಲ್ಲಿ ಅನುವಾದಕ್ಕೆ ಎಡೆಯಿಲ್ಲ. ಮೊದಲ ದಿನದಿಂದ ಕಲಿಯುವ ಭಾಷೆಯಲ್ಲೇ ಮಾತು ನಡೆಯಬೇಕು. ಅದೇ ಭಾಷೆಯನ್ನು ತಾಯಿನುಡಿಯಾಗಿ ಉಳ್ಳ ನೋರಾ ಮಾತ್ರ ಮಾತಿಗೆ ಜನರಿಲ್ಲದೆ ಕುಳಿತಿದ್ದಳು.

ಇಲ್ಲಿಂದ ನನಗೆ ಜಾಯ್ಸ್ ಬೇರೆಯಾಗಿ ಕಾಣಿಸತೊಡಗಿದ. ಆ ಮನೆಯಲ್ಲಿ ಎರಡು ಇಂಗ್ಲಿಷ್‌ಗಳಿದ್ದವು. ಒಂದು, ಅವನು ಹೊರಗೆ ಗಂಟೆಯ ಲೆಕ್ಕದಲ್ಲಿ ಮಾರುತ್ತಿದ್ದ ಪಾಠದ ಇಂಗ್ಲಿಷು. ಇನ್ನೊಂದು, ಸಂಜೆ ಮನೆಗೆ ಬಂದಾಗ ಪುಕ್ಕಟೆಯಾಗಿ ಸಿಗುತ್ತಿದ್ದ ಗಾಲ್ವೇಯ ಇಂಗ್ಲಿಷು. ಅವನ ಸಾಹಿತ್ಯದ ಶ್ರೇಷ್ಠ ಭಾಗ ಬೆಳೆದದ್ದು ಈ ಎರಡನೆಯದರಿಂದ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಸಾಕ್ಷಿಯಾಗಿ 'ದಿ ಡೆಡ್' ಕಥೆಯನ್ನು ನೋಡಬಹುದು. ಲೂಸಿಯಾ ಹುಟ್ಟಿದ 1907ರಲ್ಲೇ, ಟ್ರಿಯೆಸ್ಟ್‌ನಲ್ಲಿ, ಬರೆದು ಮುಗಿದ ಕಥೆ ಇದು. ಇದರ ನಾಯಕ ಗೇಬ್ರಿಯಲ್ ಕೂಡ ಕಾಲೇಜು ಅಧ್ಯಾಪಕ, ಪುಸ್ತಕ ವಿಮರ್ಶಕ. ಔತಣಕೂಟದಲ್ಲಿ ಸೊಗಸಾಗಿ ಭಾಷಣ ಮಾಡುತ್ತಾನೆ. ಅದೇ ರಾತ್ರಿ ಹಾಡೊಂದನ್ನು ಕೇಳಿ ಹೆಂಡತಿ ಗ್ರೆಟ್ಟಾಳ ಮನಸ್ಸು ಕಲಕಿಹೋಗಿ, ತನಗಾಗಿ ಮಳೆಯಲ್ಲಿ ನಿಂತು ಹರೆಯದಲ್ಲೇ ಸತ್ತ ಹುಡುಗನೊಬ್ಬನ ವಿಚಾರ ಅವಳು ಹೇಳುತ್ತಾಳೆ. ಮಾತೇ ಕಸುಬಾದ ಗಂಡನಿಗೆ ಆಗ ತಿಳಿಯುತ್ತದೆ, ಇಷ್ಟು ವರ್ಷ ತಾನು ಹೆಂಡತಿಯ ಮಾತಿಗೆ ಕಿವಿಗೊಟ್ಟೇ ಇರಲಿಲ್ಲವೆಂದು. ಈ ಪ್ರಸಂಗದ ಮೂಲ ನೋರಾಳ ಬಾಳಿನದು. ಗಾಲ್ವೇಯಲ್ಲಿ ಅವಳನ್ನು ಮೆಚ್ಚಿದ್ದ ಮೈಕಲ್ ಬಾಡ್ಕಿನ್ ಎಂಬ ಹುಡುಗ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ. ಕಥೆಯ ಶಕ್ತಿಯಿರುವುದು ಗೇಬ್ರಿಯಲ್‌ನ ಭಾಷಣದಲ್ಲಲ್ಲ, ಗ್ರೆಟ್ಟಾಳ ಸಾದಾ ಮಾತಿನಲ್ಲಿ.

ಮುಂದೆ 'ಯುಲಿಸಿಸ್'ನ ಕೊನೆಯ ಅಧ್ಯಾಯದಲ್ಲಿ ಮಾಲಿ ಬ್ಲೂಮ್‌ಳ ಮಾತು ವಿರಾಮಚಿಹ್ನೆಗಳ ಹಂಗಿಲ್ಲದೆ ಹೊಳೆಯಂತೆ ಹರಿಯುತ್ತದಲ್ಲ, ನೋರಾಳ ಕಾಗದಗಳ ಬರವಣಿಗೆಯೂ ಅಂಥದೇ. ಅವಳ ಬರವಣಿಗೆಯನ್ನು ಪಾಠದ ಮೇಷ್ಟರಾಗಿ ತಿದ್ದಹೊರಟಿದ್ದರೆ ಜಾಯ್ಸ್‌ಗೆ ಆ ಅಧ್ಯಾಯ ಸಿಗುತ್ತಿರಲಿಲ್ಲವೇನೋ.

ಹಾಗೆಂದು ಪಾಠವೆಲ್ಲ ವ್ಯರ್ಥವೆಂದರೂ ತಪ್ಪಾಗುತ್ತದೆ. ಅವನ ಬಳಿ ಮನೆಪಾಠ ಹೇಳಿಸಿಕೊಂಡವರಲ್ಲಿ ಎತ್ತೋರೆ ಷ್ಮಿಟ್ಸ್ ಎಂಬ ವರ್ತಕನಿದ್ದ. ಹಡಗುಗಳಿಗೆ ಬಳಿಯುವ ಬಣ್ಣದ ವ್ಯಾಪಾರ ಅವನದು. ಇಟಾಲೋ ಸ್ವೇವೋ ಎಂಬ ಹೆಸರಿನಲ್ಲಿ ಎರಡು ಕಾದಂಬರಿ ಬರೆದು, ಓದುವವರಿಲ್ಲದೆ ಸುಮ್ಮನಾಗಿದ್ದ. ಮೇಷ್ಟರು ಅವನ್ನು ಓದಿ ಮೆಚ್ಚಿಕೊಂಡರು. 1923ರಲ್ಲಿ ಸ್ವೇವೋನ ಮೂರನೆಯ ಕಾದಂಬರಿ 'ಜೀನೋ' ಹೊರಬಂದಾಗ ಅದಕ್ಕೆ ಪ್ಯಾರಿಸ್ಸಿನ ಓದುಗರನ್ನು ದೊರಕಿಸಿದ್ದೂ ಇದೇ ಜಾಯ್ಸ್. ಪ್ರತಿಯಾಗಿ ಲಿಯೊಪೋಲ್ಡ್ ಬ್ಲೂಮ್ ಪಾತ್ರಕ್ಕೆ ಸ್ವೇವೋನ ಛಾಯೆ ಬಂತು.

ಇನ್ನು ಜೀವನಚರಿತ್ರೆಗಳ ಮಾತು. ರಿಚರ್ಡ್ ಎಲ್ಮನ್ ಬರೆದ ಬೃಹತ್ ಗ್ರಂಥ 1959ರಲ್ಲಿ ಬಂತು. ಪರಿಷ್ಕರಿಸಿದ ಆವೃತ್ತಿ 1982ರಲ್ಲಿ. ಅದನ್ನು ಓದದೆ ಯಾರೂ ಮುಂದೆ ಹೋಗುವಂತಿಲ್ಲ. ಸಾಲಗಳೆಷ್ಟು, ಮನೆ ಬದಲಿಸಿದ್ದೆಷ್ಟು ಸಲ ಎಂಬುದೆಲ್ಲ ಅದರಲ್ಲಿದೆ. ಆದರೆ ಗ್ರಂಥದ ಕಣ್ಣು ಜಾಯ್ಸ್‌ನ ಹಿಂದೆಯೇ ಮನೆಯಿಂದ ಹೊರಟುಹೋಗುತ್ತದೆ; ಬಾಗಿಲು ಹಾಕಿದ ಮೇಲೆ ಒಳಗೆ ಉಳಿದವಳ ಹಗಲು ಹೇಗಿತ್ತೆಂದು ಸಾಕಷ್ಟು ನಿಂತು ನೋಡುವುದಿಲ್ಲ. ಬ್ರೆಂಡಾ ಮ್ಯಾಡಕ್ಸ್ 1988ರಲ್ಲಿ ಬರೆದ 'ನೋರಾ' ಈ ಕೊರತೆಯನ್ನು ತುಂಬಿತು. ನೋರಾಳ ಕಾಗದಗಳು ಉಳಿದಿರುವುದೇ ಕಡಿಮೆಯಾದ್ದರಿಂದ ಆಕೆಯ ಮನಸ್ಸನ್ನು ಎಷ್ಟೋ ಕಡೆ ಗಂಡನ ಕಾಗದಗಳಿಂದಲೇ ಊಹಿಸಬೇಕಾಗಿದೆ; ಅದು ಪುಸ್ತಕದ ಮಿತಿ. ಆದರೂ ನನ್ನಾಕೆಯ ಪ್ರಶ್ನೆಗೆ ಉತ್ತರ ಹುಡುಕುವವರು ಓದಬೇಕಾದದ್ದು ಇದನ್ನೇ.

ಮನೆ ಹೊತ್ತವರಲ್ಲಿ ಇನ್ನೊಬ್ಬನನ್ನು ಮರೆಯಬಾರದು. ತಮ್ಮ ಸ್ಟಾನಿಸ್ಲಾಸ್ 1905ರ ಅಕ್ಟೋಬರ್‌ನಲ್ಲಿ, ಇಪ್ಪತ್ತರ ಹರೆಯದಲ್ಲಿ, ಅಣ್ಣನ ಕರೆಗೆ ಓಗೊಟ್ಟು ಟ್ರಿಯೆಸ್ಟ್‌ಗೆ ಬಂದ. ಅವನೂ ಅದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ. ಅವನ ಸಂಬಳದ ಬಹುಪಾಲು ಅಣ್ಣನ ಸಂಸಾರಕ್ಕೆ ಹೋಯಿತು. ಅಣ್ಣ ಊರು ಬಿಟ್ಟ ಮೇಲೂ ತಮ್ಮ ಇಂಗ್ಲಿಷ್ ಅಧ್ಯಾಪಕನಾಗಿಯೇ ಮುಂದುವರಿದು 1955ರಲ್ಲಿ ಟ್ರಿಯೆಸ್ಟ್‌ನಲ್ಲೇ ತೀರಿಕೊಂಡ.

ಹೊರನಾಡಿನಲ್ಲಿರುವ ನಮ್ಮನ್ನು ತಟ್ಟುವ ಸಂಗತಿ ಇನ್ನೊಂದಿದೆ. ಜಾಯ್ಸ್‌ನ ಮಕ್ಕಳ ಮನೆಮಾತು ಇಂಗ್ಲಿಷಾಗಲಿಲ್ಲ. ಟ್ರಿಯೆಸ್ಟ್‌ನ ಇಟಾಲಿಯನ್ ಆಡುನುಡಿಯಾಯಿತು. ಮುಂದೆ ಜ್ಯೂರಿಕ್‌ಗೆ, ಪ್ಯಾರಿಸ್ಸಿಗೆ ಹೋದ ಮೇಲೂ ಮನೆಮಂದಿ ತಮ್ಮತಮ್ಮಲ್ಲಿ ಅದನ್ನೇ ಆಡುತ್ತಿದ್ದರು. ಊರಿನವರಿಗೆ ಇಂಗ್ಲಿಷ್ ಕಲಿಸಿದವನ ಮಕ್ಕಳು ಊರಿನವರ ಭಾಷೆಯಲ್ಲಿ ಬೆಳೆದರು. ಆ ಮಾತಿನ ನಡುವೆ ಕುಳಿತು ಅವನು ಡಬ್ಲಿನ್ನಿನ ಬೀದಿಬೀದಿಯನ್ನೂ ಇಂಗ್ಲಿಷಿನಲ್ಲಿ ಕಟ್ಟಿದ. ಇದು ನಮಗೆ ಅಪರಿಚಿತವೇನಲ್ಲ. ಯಶವಂತ ಚಿತ್ತಾಲರು ರಾಸಾಯನಿಕ ಉದ್ಯಮದ ಕೆಲಸ ಮಾಡಿಕೊಂಡು ಇದೇ ಮುಂಬಯಿಯಲ್ಲಿ ಕುಳಿತು ಹನೇಹಳ್ಳಿಯನ್ನು ಬರೆಯಲಿಲ್ಲವೇ? ದೂರ ಹೋದವನಿಗೆ ಊರು ಕಿವಿಯಲ್ಲಿ ಉಳಿಯುತ್ತದೆ. ಆದರೆ ಆ ಕಿವಿಗೆ ದಿನವೂ ಊರಿನ ಮಾತು ಬೀಳುವಂತೆ ಮಾಡುವವರು ಮನೆಯಲ್ಲೇ ಇರುತ್ತಾರೆ. ಮುಖಪುಟದ ಮೇಲೆ ಅವರ ಹೆಸರಿರುವುದಿಲ್ಲ.

ಆ ಭಾನುವಾರದ ಪ್ರಶ್ನೆಯ ನಂತರ ನಾನು ನನ್ನಾಕೆಯನ್ನು ಕೇಳಿದೆ: "ನಾವು ಈ ಊರಿಗೆ ಬಂದ ಮೊದಲ ವರ್ಷ ನೀನು ಯಾರ ಹತ್ತಿರ ಮಾತಾಡ್ತಿದ್ದೆ?" ಆಗ ಆಕೆಗೆ ಹಿಂದಿಯೂ ಬರುತ್ತಿರಲಿಲ್ಲ, ಮರಾಠಿಯೂ ಬರುತ್ತಿರಲಿಲ್ಲ. "ನೀವು ಬರೋ ತನಕ ಯಾರ ಹತ್ರಾನೂ ಇಲ್ಲ. ಅದಕ್ಕೇ ನೀವು ಬಂದ ಕೂಡಲೇ ಅಷ್ಟು ಮಾತಾಡ್ತಿದ್ದೆ. ನಿಮಗೆ ತಲೆನೋವು ಅಂತಿದ್ರಿ" ಎಂದಳು.

ನನ್ನ ಎರಡು ಮೂರು ಕಥೆಗಳು ಈ ಪತ್ರಿಕೆಯಲ್ಲೇ ಅಚ್ಚಾಗಿವೆ. ಅವುಗಳಲ್ಲಿ ಮಲೆನಾಡಿನ ಮಾತು ಚೆನ್ನಾಗಿ ಬಂದಿದೆಯೆಂದು ಕೆಲವರು ಮೆಚ್ಚಿ ಹೇಳಿದ್ದುಂಟು. ನಾನು ಮಲೆನಾಡಿನವನಲ್ಲ. ಮೆಚ್ಚಿದವರಿಗೆ ಆಗಲೇ ಹೇಳಬೇಕಾಗಿದ್ದ ಮಾತನ್ನು ಈಗ ಹೇಳುತ್ತಿದ್ದೇನೆ.